ಸೆರೆಮನೆಯ ಗೋಡೆಯೂ ಮತದ ಹಕ್ಕೂ

ಘೋರ ಅಪರಾಧ ಮಾಡಿ ಶಿಕ್ಷೆ ಅನುಭವಿಸುತ್ತಿರುವವನಿಗೆ ಮತದಾನದ ಹಕ್ಕು ಇರಬೇಕೆ? ಪ್ರಶ್ನೆ ಎದ್ದೊಡನೆ ನಮ್ಮಲ್ಲಿ ಬಹುಮಂದಿ ‘ಕೂಡದು’ ಎಂದೇ ಹೇಳುತ್ತೇವೆ. ಕೊಲೆಗಾರನ ಮತವೂ ಕೊಲೆಯಾದವನ ತಾಯಿಯ ಮತವೂ ಒಂದೇ ತೂಕದ್ದೆಂದರೆ ಯಾರಿಗಾದರೂ ಸಂಕಟವೇ. ಆ ಸಂಕಟವನ್ನು ನಾವು ಹಗುರವಾಗಿ ಕಾಣಲಾರೆವು. ಆದರೆ ನಮ್ಮ ಕಾನೂನು ಈ ಪ್ರಶ್ನೆಗೆ ಏನು ಉತ್ತರ ಕೊಟ್ಟಿದೆ ಎಂದು ನೋಡಹೊರಟರೆ, ಅದು ಉತ್ತರಿಸಿರುವುದು ಬೇರೆಯೇ ಪ್ರಶ್ನೆಗೆ ಎಂಬುದು ತಿಳಿಯುತ್ತದೆ.

1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯ 62ನೆಯ ಕಲಮಿನ ಐದನೆಯ ಉಪವಿಧಿ ಹೇಳುವುದಿಷ್ಟು: ಶಿಕ್ಷೆಯಿಂದಾಗಲಿ, ಬೇರಾವ ಕಾರಣದಿಂದಾಗಲಿ ಸೆರೆಮನೆಯಲ್ಲಿರುವವನು, ಅಥವಾ ಪೋಲೀಸರ ವಶದಲ್ಲಿರುವವನು, ಮತ ಹಾಕುವಂತಿಲ್ಲ. ಮುನ್ನೆಚ್ಚರಿಕೆಯ ಕ್ರಮವಾಗಿ ಬಂಧನದಲ್ಲಿಟ್ಟವರಿಗೆ ಮಾತ್ರ ವಿನಾಯಿತಿ. ಅವರು ಅಂಚೆಯ ಮೂಲಕ ಮತ ಕಳುಹಿಸಬಹುದು. 1955ರ ತಿದ್ದುಪಡಿಯಲ್ಲಿ ದಂಡಸಂಹಿತೆಯಿಂದಲೇ ಹೊರಬಿದ್ದ ಕರಿನೀರಿನ ಶಿಕ್ಷೆಯ ಹೆಸರು ಈ ಉಪವಿಧಿಯಲ್ಲಿ ಇನ್ನೂ ಉಳಿದಿದೆ.

ಗಮನಿಸಬೇಕಾದ ಸಂಗತಿಯೆಂದರೆ, ಇಲ್ಲಿ ಅಪರಾಧದ ಮಾತೇ ಇಲ್ಲ. ಮತದಾನದ ದಿನ ಮನುಷ್ಯ ಗೋಡೆಯ ಒಳಗಿದ್ದಾನೆಯೋ ಹೊರಗಿದ್ದಾನೆಯೋ ಎಂಬುದಷ್ಟೇ ಕಾನೂನಿಗೆ ಬೇಕು. ಕೊಲೆ ರುಜುವಾತಾಗಿ ಶಿಕ್ಷೆಯಾದವನು ಮೇಲ್ಮನವಿ ಸಲ್ಲಿಸಿ ಜಾಮೀನಿನ ಮೇಲೆ ಹೊರಬಂದಿದ್ದರೆ, ನೆಟ್ಟಗೆ ಮತಗಟ್ಟೆಗೆ ಹೋಗಿ ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಬರಬಹುದು. ಸಣ್ಣ ಕಳವಿನ ಆರೋಪ ಹೊತ್ತು, ಜಾಮೀನಿಗೆ ಹಣ ಹೊಂದಿಸಲಾಗದೆ ಒಳಗೆ ಕುಳಿತ ಬಡವನಿಗೆ, ಅವನನ್ನು ಅಪರಾಧಿಯೆಂದು ಯಾವ ನ್ಯಾಯಾಲಯವೂ ಕರೆಯದಿದ್ದರೂ, ಆ ಹಕ್ಕಿಲ್ಲ. ಇಂಥವರೇನು ಒಬ್ಬಿಬ್ಬರೆ? ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯ ಲೆಕ್ಕದಂತೆ 2022ರ ಕೊನೆಗೆ ದೇಶದ ಸೆರೆಮನೆಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನ ಕೈದಿಗಳು. ಶಿಕ್ಷೆಯಾದವರು 1,33,415 ಮಾತ್ರ. ಅಪರಾಧಿಗಳಿಗೆಂದು ಬೀಸಿದ ಬಲೆಯಲ್ಲಿ ಸಿಕ್ಕವರು ಹೆಚ್ಚಿನಂಶ ಅಪರಾಧಿಗಳೆಂದು ತೀರ್ಮಾನವಾಗದವರು.

ಇನ್ನು ಅಭ್ಯರ್ಥಿಗಳ ವಿಷಯಕ್ಕೆ ಬಂದರೆ ಅದೇ ಕಾಯಿದೆ ಎಷ್ಟು ನಾಜೂಕಾಗಿ ನಡೆದುಕೊಳ್ಳುತ್ತದೆ ನೋಡಿ. ಅಲ್ಲಿ ಅಪರಾಧ ಯಾವುದು, ಶಿಕ್ಷೆ ಎರಡು ವರ್ಷಕ್ಕೆ ಕಡಿಮೆಯೋ ಹೆಚ್ಚೋ ಎಂಬ ತೂಗಾಟವಿದೆ. ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಯ ಕಾರ್ಮಿಕರ ನಡುವೆ ನಾಯಕರಾಗಿ ಬೆಳೆದ ಜಾರ್ಜ್ ಫರ್ನಾಂಡಿಸರು 1977ರಲ್ಲಿ ಬರೋಡಾ ಡೈನಮೈಟ್ ಪ್ರಕರಣದ ವಿಚಾರಣಾಧೀನ ಕೈದಿಯಾಗಿದ್ದುಕೊಂಡೇ ಬಿಹಾರದ ಮುಜಫ್ಫರಪುರದಿಂದ ಮೂರು ಲಕ್ಷಕ್ಕೂ ಹೆಚ್ಚಿನ ಅಂತರದಲ್ಲಿ ಗೆದ್ದರು. ಲಕ್ಷಾಂತರ ಜನರ ಮತ ಕೇಳಲು ಅವರು ಅರ್ಹರು. ಕಾಯಿದೆಯ ಪ್ರಕಾರ ತಮ್ಮದೊಂದು ಮತ ಹಾಕಲು ಅನರ್ಹರು! 2013ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವು, ಮತ ಹಾಕಲಾಗದವನು ಚುನಾವಣೆಗೂ ನಿಲ್ಲಲಾಗದು ಎಂದು ತೀರ್ಪಿತ್ತಿತು. ಸಂಸತ್ತು ಅದೇ ವರ್ಷ ಕಾಯಿದೆ ತಿದ್ದಿ, ಒಳಗಿರುವವನು ಮತ ಹಾಕಲಾರನಾದರೂ ‘ಮತದಾರ’ನಾಗಿಯೇ ಉಳಿಯುತ್ತಾನೆ ಎಂದು ಸೇರಿಸಿತು. 2024ರಲ್ಲಿ ತಿಹಾರ್ ಜೈಲಿನಲ್ಲಿದ್ದ ಷೇಕ್ ಅಬ್ದುಲ್ ರಶೀದರು ಕಾಶ್ಮೀರದ ಬಾರಾಮುಲ್ಲಾದಿಂದ ಆರಿಸಿ ಬಂದದ್ದು ಈ ದಾರಿಯಲ್ಲೇ. ಅಭ್ಯರ್ಥಿಯ ಹಕ್ಕಿಗಾಗಿ ತೋರಿದ ಆ ತ್ವರೆ ಸಾಮಾನ್ಯ ಮತದಾರನ ಹಕ್ಕಿಗಾಗಿ ಕಾಣಲಿಲ್ಲ.

ಈ ಉಪವಿಧಿಯನ್ನು 1997ರಲ್ಲಿ ಅನುಕೂಲ ಚಂದ್ರ ಪ್ರಧಾನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿದಿದೆ. ತನ್ನ ನಡತೆಯಿಂದಲೇ ಒಳಗಾದವನು ಹೊರಗಿನವರಿಗೆ ಸಮಾನವಾದ ಸ್ವಾತಂತ್ರ್ಯ ಕೇಳಲಾಗದು. ಕೈದಿಗಳಿಗೆಲ್ಲ ಮತದಾನದ ಏರ್ಪಾಡು ಮಾಡಲು ಪೋಲೀಸ್ ಬಲ ಸಾಲದು. ಚುನಾವಣೆಯನ್ನು ಅಪರಾಧಿಗಳಿಂದ ದೂರವಿಡಬೇಕು — ಇವು ಆ ತೀರ್ಪಿನ ಮುಖ್ಯ ಕಾರಣಗಳು. ನ್ಯಾಯಾಲಯದ ಮೇಲಿನ ಗೌರವಕ್ಕೆ ಕುಂದಿಲ್ಲದಂತೆ ನಾವು ಭಿನ್ನಾಭಿಪ್ರಾಯ ಸೂಚಿಸುತ್ತೇವೆ. ವಿಚಾರಣೆ ಮುಗಿಯದವನ ‘ನಡತೆ’ಯನ್ನು ತೀರ್ಮಾನಿಸಿದವರು ಯಾರು? ಗಿರ್ ಕಾಡಿನಲ್ಲಿ ಒಬ್ಬನೇ ಮತದಾರನಿಗಾಗಿ ಮತಗಟ್ಟೆ ತೆರೆದ ಆಡಳಿತಕ್ಕೆ, ಬಂಧಿತರಲ್ಲಿ ಒಂದು ವರ್ಗಕ್ಕೆ ಈಗಾಗಲೇ ಕೊಡುತ್ತಿರುವ ಅಂಚೆ ಮತವನ್ನು ಉಳಿದವರಿಗೂ ವಿಸ್ತರಿಸುವುದು ಅಸಾಧ್ಯವೆ? ಒಳಗಿನ ಪುಂಡರು ಉಳಿದ ಕೈದಿಗಳ ಮತವನ್ನು ತಾವೇ ನಡೆಸಿಯಾರು ಎಂಬ ಭಯ ನಿಜವಾದದ್ದು. ಆದರೆ ಅಂಚೆ ಮತಗಳು ಅವರವರ ಊರಿನ ಕ್ಷೇತ್ರಗಳಿಗೆ ಹಂಚಿಹೋಗುವುದರಿಂದ ಒಂದೇ ಕಡೆ ಗುಡ್ಡೆ ಬೀಳುವುದಿಲ್ಲ. ದಕ್ಷಿಣ ಆಫ್ರಿಕದ ಸಂವಿಧಾನ ನ್ಯಾಯಾಲಯ 1999ರಲ್ಲಿಯೇ ಕೈದಿಗಳಿಗೂ ಮತದಾನದ ಏರ್ಪಾಡು ಮಾಡುವಂತೆ ಆಜ್ಞೆಯಿತ್ತಿತು.

ಹಾಗಾದರೆ ಘೋರ ಅಪರಾಧಿಗಳ ಗತಿಯೇನು? ದಾರಿ ನಮ್ಮ ಕಾಯಿದೆಯಲ್ಲೇ ಇದೆ. ಅದರ 11-ಎ ಕಲಮಿನಂತೆ ಚುನಾವಣೆಯಲ್ಲಿ ಲಂಚ ಕೊಟ್ಟು, ಬೇರೆಯವರ ಹೆಸರಿನಲ್ಲಿ ಮತ ಹಾಕಿ ಶಿಕ್ಷೆಗೆ ಒಳಗಾದವನು, ಒಳಗಿರಲಿ ಹೊರಗಿರಲಿ, ಆರು ವರ್ಷ ಮತದಾನಕ್ಕೆ ಅನರ್ಹ. ಇಲ್ಲಿ ತಪ್ಪಿಗೂ ದಂಡಕ್ಕೂ ಸಂಬಂಧವಿದೆ, ಅವಧಿಯಿದೆ, ನ್ಯಾಯಾಲಯದ ತೀರ್ಪಿದೆ. ಯಾವ ಘೋರ ಅಪರಾಧಗಳಿಗೆ ಮತದ ಹಕ್ಕು ಹೋಗಬೇಕೆಂಬುದನ್ನು ಸಂಸತ್ತು ಹೀಗೆಯೇ ಹೆಸರಿಸಲಿ. ಎಷ್ಟು ಕಾಲ ಎಂಬುದನ್ನು ನ್ಯಾಯಾಧೀಶರು ತೀರ್ಪಿನಲ್ಲೇ ಬರೆಯಲಿ. ಕೊಲೆಯಾದವನ ತಾಯಿಗೆ ಈಗಿನ ಕಾನೂನು ಸಮಾಧಾನವನ್ನೇನೂ ಕೊಟ್ಟಿಲ್ಲ. ಜಾಮೀನು ಪಡೆದ ಕೊಲೆಗಾರ ಅವಳ ಹಿಂದೆಯೇ ಸಾಲಿನಲ್ಲಿ ನಿಲ್ಲಬಹುದು. ನಾವು ಹೇಳುವ ರೀತಿಯಲ್ಲಿ ಅವನು ನಿಲ್ಲಲಾರ.

ವಿಚಾರಣಾಧೀನರಿಗಂತೂ ಮತದ ಹಕ್ಕನ್ನು ತಡಮಾಡದೆ ಕೊಡಬೇಕು. ಮತವನ್ನು ಕಿತ್ತುಕೊಳ್ಳುವುದು ಒಂದು ಶಿಕ್ಷೆ. ಶಿಕ್ಷೆಯನ್ನು ವಿಧಿಸಬೇಕಾದದ್ದು ನ್ಯಾಯಾಲಯವೇ ಹೊರತು ಸೆರೆಮನೆಯ ಗೋಡೆಯಲ್ಲ.