‘ನಾಡಿಗ’ ಎಂಬ ಅಡ್ಡಹೆಸರು

ಕುಲಕರ್ಣಿ, ಪಾಟೀಲ, ಶಾನಭಾಗ, ಹೆಗಡೆ ಮೊದಲಾದ ಅಡ್ಡಹೆಸರುಗಳು ಕನ್ನಡ ನಾಡಿನಲ್ಲಿ ಮತ್ತೆ ಮತ್ತೆ ಕಿವಿಗೆ ಬೀಳುತ್ತವೆ. ‘ನಾಡಿಗ’ ಎಂಬುದು ಹಾಗಲ್ಲ. ಮಲೆನಾಡಿನಲ್ಲಿಯೂ ಅದರ ಅಂಚಿನ ಸೀಮೆಗಳಲ್ಲಿಯೂ ಅಲ್ಲೊಂದು ಇಲ್ಲೊಂದು ಮನೆತನಕ್ಕೆ ಈ ಹೆಸರುಂಟು. ಸಾಹಿತ್ಯದ ಓದುಗರಿಗೆ ಇದು ಪರಿಚಿತವಾಗಿರುವುದು ಮುಖ್ಯವಾಗಿ ಇಬ್ಬರಿಂದ: ಭಾರತದ ಪತ್ರಿಕೋದ್ಯಮವನ್ನು ಕುರಿತು 1966ರಲ್ಲಿ ಇಂಗ್ಲಿಷಿನಲ್ಲಿ ಗ್ರಂಥವನ್ನು ಪ್ರಕಟಿಸಿದ ಮೈಸೂರಿನ ಅಧ್ಯಾಪಕರಾದ ನಾಡಿಗ ಕೃಷ್ಣಮೂರ್ತಿಯವರು ಒಬ್ಬರು, ಚಿಕ್ಕಮಗಳೂರು ಸೀಮೆಯ ಕಳಸದಲ್ಲಿ ಹುಟ್ಟಿ, ‘ದಾಂಪತ್ಯ ಗೀತ’ವನ್ನು ಬರೆದ ಕವಿ ಸುಮತೀಂದ್ರ ನಾಡಿಗರು (1935–2018) ಇನ್ನೊಬ್ಬರು. ಅಡ್ಡಹೆಸರುಗಳನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಹೆಸರಿನ ಅರ್ಥವನ್ನು ಹೇಳಿ ಮುಗಿಸುತ್ತಾರೆ. ಆ ಹೆಸರು ಎಷ್ಟು ಮಂದಿಗೆ ಇದೆ, ಯಾರಿಗೆ ಇದೆ, ಏಕೆ ಅಷ್ಟೇ ಮಂದಿಗೆ ಇದೆ ಎಂಬುದನ್ನು ಕೇಳುವುದಿಲ್ಲ. ‘ನಾಡಿಗ’ದ ಸಂಗತಿಯಲ್ಲಾದರೋ ಈ ಎರಡನೆಯ ಪ್ರಶ್ನೆಯನ್ನು ಬಿಟ್ಟರೆ ಮೊದಲನೆಯದಕ್ಕೂ ಸರಿಯಾದ ಉತ್ತರ ದೊರೆಯಲಾರದು.

ಶಬ್ದದ ರೂಪವನ್ನು ಮೊದಲು ನೋಡಬಹುದು. ನಾಡು ಎಂಬ ಪ್ರಕೃತಿಗೆ ‘ಇಗ’ ಎಂಬ ತದ್ಧಿತ ಪ್ರತ್ಯಯ ಹತ್ತಿ ನಾಡಿಗ ಎಂದಾಗಿದೆ. ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿಯೇ ತನ್ನ ಶಬ್ದಮಣಿದರ್ಪಣದ ತದ್ಧಿತಪ್ರಕರಣದಲ್ಲಿ ಈ ಪ್ರತ್ಯಯವನ್ನು ಹೇಳಿದ್ದಾನೆ. ಅಂಬಿಗ, ಗಾಣಿಗ, ಲೆಕ್ಕಿಗ, ಕನ್ನಡಿಗ ಎಂಬಲ್ಲೆಲ್ಲ ಇರುವುದು ಅದೇ. ಆದರೆ ಈ ಉದಾಹರಣೆಗಳಲ್ಲಿಯೇ ಒಂದು ತೊಡಕಿದೆ. ಗಾಣಿಗನು ಗಾಣದಿಂದ ಬದುಕುವವನು. ಕನ್ನಡಿಗನು ಕನ್ನಡದಿಂದ ಬದುಕುವವನೆಂದು ಯಾರೂ ಹೇಳರು, ಅವನು ಕನ್ನಡಕ್ಕೆ ಸೇರಿದವನು. ಹಾಗಾದರೆ ನಾಡಿಗನು ನಾಡಿನ ಕೆಲಸದವನೊ, ಬರಿಯ ನಾಡವನೊ? ವ್ಯಾಕರಣವು ಎರಡನ್ನೂ ಒಪ್ಪುತ್ತದೆ. ಎರಡರಲ್ಲಿ ಒಂದನ್ನು ಆರಿಸಿ ಕೊಡುವುದಿಲ್ಲ.

ಇನ್ನೊಂದು ಅಪಾಯವೂ ಉಂಟು. ಅಂಬಿ ಎಂಬುದಕ್ಕೆ ಇಗ ಸೇರಿದರೆ ಅಂಬಿಗ ಎಂದಾಗುವಂತೆಯೇ ನಾಡಿ ಎಂಬುದಕ್ಕೆ ಇಗ ಸೇರಿದರೂ ನಾಡಿಗ ಎಂದೇ ಆಗುತ್ತದೆ. ಕೈಹಿಡಿದು ನಾಡಿ ನೋಡುವ ವೈದ್ಯರ ಮನೆತನವೊಂದನ್ನು ಕಲ್ಪಿಸಿಕೊಳ್ಳುವುದಕ್ಕೆ ಇಷ್ಟೇ ಸಾಕು! ಸಂಧಿನಿಯಮವನ್ನು ಮುಂದುಮಾಡಿ ಈ ಕಲ್ಪನೆಯನ್ನು ಅಲ್ಲಗಳೆಯಲು ಬರುವುದಿಲ್ಲ. ಅಲ್ಲಗಳೆಯುವುದು ಒಡಹುಟ್ಟುಗಳ ಸಾಕ್ಷ್ಯದಿಂದ. ಉತ್ತರ ಕರ್ನಾಟಕದಲ್ಲಿ ನಾಡಗೌಡ ಎಂಬ ಮನೆತನಗಳಿವೆ. ಉತ್ತರ ಕನ್ನಡ, ಗೋವೆ, ಮುಂಬಯಿಗಳಲ್ಲಿ ನಾಡಕರ್ಣಿ ಎಂಬುವರಿದ್ದಾರೆ. ನಾಡಿ ನೋಡುವ ಗೌಡನೂ ಇಲ್ಲ, ನಾಡಿಯ ಲೆಕ್ಕ ಬರೆಯುವ ಕರಣಿಕನೂ ಇಲ್ಲ. ಒಂದೇ ಗುಂಪಿಗೆ ಸೇರಿದ ಹೆಸರುಗಳನ್ನು ಬಿಡಿಬಿಡಿಯಾಗಿ ವಿವರಿಸಲು ಹೊರಟರೆ ಎಂತಹ ವ್ಯುತ್ಪತ್ತಿಯಾದರೂ ನಡೆದೀತು. ಒಟ್ಟಿಗೆ ಇಟ್ಟು ನೋಡಿದಾಗ ಮಾತ್ರ ಕೆಲವು ತಾವಾಗಿ ಬಿದ್ದುಹೋಗುತ್ತವೆ.

ಈ ಗುಂಪಿಗೆ ತಾಯಿಯಾದ ‘ನಾಡು’ ಇಂದಿನ ಮಾತಿನ ವಿಶಾಲವಾದ ನಾಡಲ್ಲ. ಶಾಸನಗಳ ಕಾಲದಲ್ಲಿ ಅದು ಆಡಳಿತದ ಒಂದು ಅಳತೆಯುಳ್ಳ ವಿಭಾಗ. ಬನವಾಸಿ 12000, ನೊಳಂಬವಾಡಿ 32000, ಗಂಗವಾಡಿ 96000 ಎಂಬಂತೆ ದೊಡ್ಡ ಪ್ರಾಂತಗಳಿಗೆ ಸಂಖ್ಯೆ ಹತ್ತಿರುವ ಹಾಗೆಯೇ ಅವುಗಳ ಒಳಗಿನ ಸಣ್ಣ ನಾಡುಗಳಿಗೂ ಸಂಖ್ಯೆ ಹತ್ತಿದೆ. ದೊಡ್ಡ ಸಂಖ್ಯೆಗಳನ್ನು ಊರುಗಳ ಎಣಿಕೆಯೆಂದು ತಿಳಿಯಲಾಗದು. 96000 ಊರುಗಳು ಗಂಗವಾಡಿಯಲ್ಲಿ ಹಿಡಿಸವು. ನಾಗರಖಂಡ 70 ಎಂಬಂಥ ಸಣ್ಣವುಗಳಲ್ಲಿ ಮಾತ್ರ ಊರುಗಳ ಎಣಿಕೆ ಎಂಬ ಅರ್ಥವು ಸಹಜವಾಗಿ ಹೊಂದುತ್ತದೆ. ಇಂತಹ ನಾಡಿಗೆ ನಾಳ್ಗಾವುಂಡನೆಂಬ ಮುಖ್ಯನಿರುತ್ತಿದ್ದನು, ಊರಿಗೆ ಊರ್ಗಾವುಂಡ. ಬಂದಳಿಕೆಯ ಶಾಸನವೊಂದು ಇದಕ್ಕೆ ಮನಸ್ಸಿನಲ್ಲಿ ನಿಲ್ಲುವಂತಹ ನಿದರ್ಶನವನ್ನು ಕೊಡುತ್ತದೆ. ರಾಷ್ಟ್ರಕೂಟ ಎರಡನೆಯ ಕೃಷ್ಣನ ಕಾಲದಲ್ಲಿ ನಾಗರಖಂಡದ ನಾಳ್ಗಾವುಂಡನಾಗಿದ್ದ ನಾಗಾರ್ಜುನನು ತೀರಿಕೊಂಡಾಗ ಆ ಪದವಿಯನ್ನು ಅವನ ಹೆಂಡತಿ ಜಕ್ಕಿಯಬ್ಬೆಗೆ ಕೊಡಲಾಯಿತು. ಆಕೆ ಎಪ್ಪತ್ತನ್ನು ಆಳಿ, ರೋಗಗ್ರಸ್ತಳಾದಾಗ ಅಧಿಕಾರವನ್ನು ಮಗಳಿಗೆ ವಹಿಸಿ, ಬಂದಳಿಕೆಯ ತೀರ್ಥದಲ್ಲಿ ಸಲ್ಲೇಖನವನ್ನು ಕೈಕೊಂಡಳು. ನಾಡಿನ ಪದವಿ ಮನೆಯೊಳಗೆ ಕೈಯಿಂದ ಕೈಗೆ ಇಳಿಯುತ್ತಿತ್ತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ. ಪದವಿ ಮನೆಯಲ್ಲಿ ನೆಲಸಿದ ಮೇಲೆ ಪದವಿಯ ಹೆಸರು ಮನೆಯ ಹೆಸರಾಗುವುದಕ್ಕೆ ತಡವಿಲ್ಲ.

ನಾಳ್ಗಾವುಂಡನು ನಾಡಗೌಡನಾದನೆಂಬುದು ಸುಲಭವಾಗಿ ತಿಳಿಯುತ್ತದೆ. ನಾಡಿಗನು ಯಾರು? ಅವನೂ ನಾಡಿನ ಮುಖ್ಯನೇ ಆಗಿದ್ದನೆಂದು ಹೇಳುವುದು ಮನೆತನಗಳಿಗೆ ಪ್ರಿಯವಾಗಬಹುದು. ಇಲ್ಲಿಯೇ ಹೆಸರಿನ ಹಂಚಿಕೆಯು ನೆರವಿಗೆ ಬರುತ್ತದೆ. ಕನ್ನಡ ನಾಡಿನ ಹಳೆಯ ಏರ್ಪಾಟಿನಲ್ಲಿ ಗೌಡಿಕೆಯು ಹೆಚ್ಚಾಗಿ ಒಕ್ಕಲುಮಕ್ಕಳ ಕೈಯಲ್ಲಿಯೂ ಲೆಕ್ಕಪತ್ರವು ಹೆಚ್ಚಾಗಿ ಬ್ರಾಹ್ಮಣರ ಕೈಯಲ್ಲಿಯೂ ಇತ್ತು. ನಾಡಗೌಡರೆಂಬುವರು ಬಹುಮಟ್ಟಿಗೆ ಮೊದಲನೆಯ ಪಂಗಡದವರು. ನಾಡಿಗರು ಬಹುಮಟ್ಟಿಗೆ ಬ್ರಾಹ್ಮಣರು. ಆದುದರಿಂದ ನಾಡಿಗನು ಊರ ಶಾನುಭೋಗರಿಗೆ ಮೇಲಿನವನಾಗಿ ನಾಡಿನ ಲೆಕ್ಕವನ್ನು ನೋಡುತ್ತಿದ್ದವನೆಂದು ತಿಳಿಯುವುದೇ ಯುಕ್ತ. ಶಾಸನಗಳ ನಾಡಸೇನಬೋವನ ಸ್ಥಾನವೂ ಇದೇ. ವ್ಯಾಕರಣವು ಬಿಡಿಸದೆ ಬಿಟ್ಟ ಗಂಟನ್ನು ಹೆಸರುಳ್ಳವರ ಮನೆಗಳೇ ಬಿಡಿಸಿವೆ.

ಹೆಸರಿನ ವಿರಳತೆಗೆ ಕಾರಣವೂ ಇಲ್ಲಿಯೇ ಇದೆ. ಸೇನಬೋವನಿಂದ ಬಂದ ಶಾನಭಾಗ, ಶಾನುಭೋಗ ಎಂಬವೂ, ಕುಲಕರ್ಣಿ ಎಂಬುದೂ ಊರಿನ ಲೆಕ್ಕಿಗನ ಹೆಸರುಗಳು. ಊರಿಗೊಬ್ಬ ಕುಲಕರ್ಣಿ, ನಾಡಿಗೊಬ್ಬ ನಾಡಿಗ. ನಾಗರಖಂಡದ ಲೆಕ್ಕವನ್ನೇ ಹಿಡಿದರೆ ಎಪ್ಪತ್ತು ಮನೆಗಳಿಗೆ ಊರ ಹೆಸರು ಬರುವಲ್ಲಿ ಒಂದು ಮನೆಗೆ ನಾಡ ಹೆಸರು ಬರಬೇಕು. ಇಂದು ಕುಲಕರ್ಣಿಗಳು ಎಲ್ಲೆಲ್ಲಿಯೂ ಇದ್ದು ನಾಡಿಗರು ವಿರಳರಾಗಿರುವುದು ಈ ಮೊದಲಿನ ಅಂತರದ ನೆರಳೆಂದು ಹೇಳಬಹುದು. ವಿರಳತೆಯು ಅಲ್ಪತೆಯ ಗುರುತಲ್ಲ. ಹುದ್ದೆಯ ಮೆಟ್ಟಿಲ ಗುರುತು.

ಆದರೆ ಈ ವಾದವನ್ನು ಎಲ್ಲ ಕಡೆಗೂ ಎಳೆಯಬಾರದು. ಪೆರ್ಗಡೆಯು ಊರ ಮಟ್ಟದ ಸಣ್ಣ ಹುದ್ದೆಯಾಗಿರಲಿಲ್ಲ. ಆದರೂ ಅದರಿಂದ ಬಂದ ಹೆಗ್ಗಡೆ, ಹೆಗಡೆ, ಹೆಗ್ಡೆ ಎಂಬ ಹೆಸರುಗಳು ಹವ್ಯಕರಲ್ಲಿ, ಬಂಟರಲ್ಲಿ, ಜೈನರಲ್ಲಿ ಧಾರಾಳವಾಗಿ ಹಬ್ಬಿವೆ. ಹುದ್ದೆಯ ಹೆಸರು ಗೌರವದ ಮಾತಾಗಿ ಸಡಿಲವಾದೊಡನೆ ಎಣಿಕೆಯು ಹುದ್ದೆಗಳ ಎಣಿಕೆಯನ್ನು ಮೀರುತ್ತದೆ. ಇದಕ್ಕಿಂತ ದೊಡ್ಡ ಉದಾಹರಣೆ ಇದೇ ‘ನಾಡು’ ಶಬ್ದದಿಂದ ತಮಿಳು ದೇಶದಲ್ಲಿ ಒದಗಿದೆ. ಅಲ್ಲಿ ನಾಡಾನ್ ಎಂಬುದು ಶಾಣಾರ್ ಸಮುದಾಯದೊಳಗಿನ ಕೆಲವೇ ಭೂಮಾಲಿಕ ಮನೆತನಗಳ ಬಿರುದಾಗಿತ್ತು. ಸಮುದಾಯವು ತನ್ನ ಏಳಿಗೆಗಾಗಿ ಹೋರಾಡಿ ‘ನಾಡಾರ್’ ಎಂಬುದನ್ನು ಎಲ್ಲರ ಹೆಸರನ್ನಾಗಿ ಮಾಡಿಕೊಂಡಿತು. 1921ರಲ್ಲಿ ಮದರಾಸಿನ ಸರ್ಕಾರವು ಅದನ್ನು ಒಪ್ಪಿಕೊಂಡಿತು. ಕೆಲವು ಮನೆಗಳ ಹೆಸರು ಹೀಗೆ ಲಕ್ಷಾಂತರ ಜನರದಾಯಿತು. ‘ನಾಡಿಗ’ಕ್ಕೆ ಅಂತಹ ಚರಿತ್ರೆ ಒದಗಲಿಲ್ಲ. ಅದು ಗೌರವದ ಸಂಬೋಧನೆಯಾಗಿ ಸಡಿಲವಾಗಲೂ ಇಲ್ಲ, ಸಮುದಾಯದ ಹೆಸರಾಗಿ ಹಿಗ್ಗಲೂ ಇಲ್ಲ. ಆದುದರಿಂದಲೇ ಅದರ ಎಣಿಕೆಯು ಇನ್ನೂ ಹುದ್ದೆಯ ಮಾತನ್ನು ಹೇಳುತ್ತಿದೆ.

ಉತ್ತರ ಕರ್ನಾಟಕದ ನಾಡಿಗೇರ, ನಾಡಗೀರ ಎಂಬ ಅಡ್ಡಹೆಸರುಗಳನ್ನು ಇದರೊಡನೆ ಸೇರಿಸಬೇಕೆ? ನಾಡಿಗೇರ ಎಂಬುದರಲ್ಲಿ ಸಂಶಯಕ್ಕೆ ಎಡೆಯಿಲ್ಲ. ಬಡಿಗನ ಮನೆಯವರು ಬಡಿಗೇರ, ಗಾಣಿಗನ ಮನೆಯವರು ಗಾಣಿಗೇರ ಆಗುವ ಪದ್ಧತಿಯಲ್ಲಿಯೇ ನಾಡಿಗನ ಮನೆಯವರು ನಾಡಿಗೇರರಾಗಿದ್ದಾರೆ. ನಾಡಗೀರ ಎಂಬುದು ಸ್ವಲ್ಪ ಬಿಕ್ಕಟ್ಟಿನದು. ಅದರ ಕೊನೆಯಲ್ಲಿ ಜಹಾಂಗೀರ ಎಂಬಲ್ಲಿರುವ ಫಾರಸಿಯ ‘ಗೀರ್’ ಎಂಬುದನ್ನು ಕಾಣಬಹುದು. ಹಿಡಿದವನು ಎಂದು ಅದರ ಅರ್ಥ. ಗುತ್ತಿಗೆದಾರ ಎಂಬಲ್ಲಿ ಕನ್ನಡದ ಶಬ್ದಕ್ಕೆ ಫಾರಸಿಯ ಬಾಲ ಹತ್ತಿರುವುದರಿಂದ ಇದೂ ಅಸಾಧ್ಯವಲ್ಲ. ಆದರೆ ನಾಡಿಗೇರ ಎಂಬ ಶುದ್ಧ ದೇಶ್ಯರೂಪವು ಪಕ್ಕದಲ್ಲಿಯೇ ಇರುವಾಗ ದೂರದಿಂದ ಪ್ರತ್ಯಯವನ್ನು ತರಬೇಕೆ ಎಂಬುದು ಪ್ರಶ್ನೆ. ಆಡುಮಾತಿನಲ್ಲಿ ನಡುವಣ ಇಕಾರವು ಸವೆದು ನಾಡ್ಗೇರ ಎಂದಾಗುವುದು ಸುಲಭ. ಏಕಾರವು ಈಕಾರವಾದುದಕ್ಕೆ ಧ್ವನಿನಿಯಮವನ್ನು ತೋರಿಸುವುದು ಕಷ್ಟ. ಆ ಮಟ್ಟಿಗೆ ಈ ಪಕ್ಷ ದುರ್ಬಲ. ಬಹಮನಿ, ಆದಿಲಶಾಹಿ ಕಾಲಗಳ ದಫ್ತರಗಳಲ್ಲಿ ಕಿವಿಗೆ ರೂಢಿಯಾಗಿದ್ದ ಫಾರಸಿಯ ಪ್ರತ್ಯಯವು ಈ ದೇಶ್ಯರೂಪವನ್ನು ತನ್ನ ಕಡೆಗೆ ಎಳೆದುಕೊಂಡಿತೆಂದು ತಿಳಿದರೆ ಎರಡು ಪಕ್ಷಗಳಿಗೂ ತಕ್ಕ ಪಾಲು ಸಲ್ಲುತ್ತದೆ. ಬೇರು ಕನ್ನಡದ್ದು, ಮೆರುಗು ಮಾತ್ರ ದಫ್ತರದ್ದು.

ನಾಡಕರ್ಣಿಯ ಸಂಗತಿ ಹೆಚ್ಚು ಬೆಲೆಯುಳ್ಳದು. ಇದು ನಾಡು, ಕರಣಿಕ ಎಂಬೆರಡು ಶಬ್ದಗಳ ಸಮಾಸ. ಒಂದು ಕನ್ನಡದ್ದು, ಒಂದು ಸಂಸ್ಕೃತದ್ದು. ಕೇಶಿರಾಜನ ಕಣ್ಣಿಗೆ ಇದು ಅರಿಸಮಾಸ. ಬಿರುದಾವಳಿಗಳಲ್ಲಿ ಅವನು ಅದನ್ನು ಮನ್ನಿಸಿದ್ದಾನೆ. ಕಂದಾಯದ ಲೆಕ್ಕಿಗರು ಅವನ ಅಪ್ಪಣೆಯನ್ನು ಕೇಳಿರಲಾರರು. ಇಂದು ಈ ಹೆಸರುಳ್ಳವರಲ್ಲಿ ಬಹುಜನರ ಮನೆಮಾತು ಕೊಂಕಣಿ. ಮರಾಠಿಯ ಸೀಮೆಗೆ ಹೋಗಿ ನೆಲಸಿದವರೂ ಉಂಟು; 1964ರಲ್ಲಿ ಮದರಾಸಿನ ಪಂದ್ಯದಲ್ಲಿ ಒಂದೇ ಸಮನೆ 21 ಓವರುಗಳನ್ನು ಓಟವಿಲ್ಲದೆ ಎಸೆದ ಕ್ರಿಕೆಟ್ ಆಟಗಾರ ಬಾಪು ನಾಡಕರ್ಣಿಯವರು (1933–2020) ಹುಟ್ಟಿದುದು ನಾಸಿಕದಲ್ಲಿ. ದೇಶ, ಪರಗಣೆ ಎಂಬ ಮಾತುಗಳು ನಡೆಯುವ ಪ್ರದೇಶದಲ್ಲಿ ಅದೇ ಮಟ್ಟದ ಲೆಕ್ಕಿಗನು ದೇಶಪಾಂಡೆ. ಅಲ್ಲಿ ನೆಲಸಿಯೂ ಒಂದು ಮನೆತನ ‘ನಾಡ’ನ್ನೇ ಹೊತ್ತಿರುವುದಾದರೆ ಆ ಹೆಸರು ಹುಟ್ಟಿದ ಕಾಲದಲ್ಲಿ ಅಲ್ಲಿನ ಲೆಕ್ಕದ ಭಾಷೆ ಯಾವುದಾಗಿತ್ತೆಂಬುದು ತಿಳಿಯುತ್ತದೆ. ಗೋವೆಯ ಕದಂಬರ ಕನ್ನಡ ಶಾಸನಗಳನ್ನೂ ಆ ತೀರದ ಮೇಲೆ ವಿಜಯನಗರದ ಆಳಿಕೆಯನ್ನೂ ಬಲ್ಲವರಿಗೆ ಇದು ಅಚ್ಚರಿಯಲ್ಲ. ಆದರೆ ಶಾಸನಗಳು ಕಲ್ಲಿನಲ್ಲಿ ನಿಂತಿವೆ. ಈ ಸಾಕ್ಷ್ಯವು ಜೀವಂತವಾಗಿ ನಡೆದಾಡುತ್ತಿದೆ, ಮನೆತನ ಅಳಿದರೆ ತಾನೂ ಅಳಿಯುತ್ತದೆ.

ಅಳಿಯುವುದೆಂಬುದು ಬರಿಯ ಅಲಂಕಾರದ ಮಾತಲ್ಲ. ಇಂಗ್ಲೆಂಡಿನ ಹಳೆಯ ಮನೆತನಗಳ ಹೆಸರುಗಳು ಏಕೆ ಮರೆಯಾಗುತ್ತವೆಂದು ಫ್ರಾನ್ಸಿಸ್ ಗಾಲ್ಟನ್ 1873ರಲ್ಲಿ ಗಣಿತಜ್ಞರ ಮುಂದೆ ಪ್ರಶ್ನೆಯನ್ನಿಟ್ಟನು. ಹೆನ್ರಿ ವಾಟ್ಸನ್ ಎಂಬ ಪಾದ್ರಿಯು ಅದನ್ನು ಬಿಡಿಸಲು ಹೊರಟು, ಇಬ್ಬರೂ ಕೂಡಿ 1874ರಲ್ಲಿ ಲೇಖನವನ್ನು ಪ್ರಕಟಿಸಿದರು. ಎಲ್ಲ ಹೆಸರುಗಳೂ ಒಂದಿಲ್ಲೊಂದು ದಿನ ಅಳಿಯಲೇಬೇಕೆಂಬ ವಾಟ್ಸನ್ನನ ತೀರ್ಮಾನ ತಪ್ಪೆಂಬುದನ್ನು 1930ರಲ್ಲಿ ಸ್ಟೆಫೆನ್ಸೆನ್ ಸ್ಪಷ್ಟಪಡಿಸಿದನು: ತಲೆಗೊಬ್ಬನಿಗಿಂತ ಹೆಚ್ಚು ಗಂಡುಮಕ್ಕಳು ಸರಾಸರಿಯಾಗಿ ಹುಟ್ಟುವಲ್ಲಿ ಹೆಸರು ಉಳಿಯುವ ಸಂಭವವುಂಟು, ಅಷ್ಟಿಲ್ಲದಲ್ಲಿ ಅಳಿವೇ ಗತಿ. ಒಂದೇ ಮನೆಯಿಂದ ಹೊರಟ ಹೆಸರಿಗೆ ಈ ಅಪಾಯ ಹೆಚ್ಚು, ನೂರು ಮನೆಗಳಿಂದ ಹೊರಟುದಕ್ಕೆ ಕಡಮೆ. ಕನ್ನಡ ನಾಡಿನಲ್ಲಿ ದತ್ತುಸ್ವೀಕಾರದ ಪದ್ಧತಿಯು ಈ ಲೆಕ್ಕವನ್ನು ಬದಲಿಸಿರಬೇಕು. ವತನವಿದ್ದ ಮನೆಗೆ ಮಗನಿಲ್ಲದಿದ್ದರೆ ದತ್ತುಮಗನು ಬರುತ್ತಿದ್ದನು, ವತನದೊಡನೆ ಹೆಸರೂ ಅವನದಾಗುತ್ತಿತ್ತು. ಮುಂಬಯಿ ಪ್ರಾಂತದಲ್ಲಿ ಪರಗಣೆ ಮತ್ತು ಕುಲಕರ್ಣಿ ವತನಗಳನ್ನು 1950ರ ಶಾಸನವು ರದ್ದುಮಾಡಿತು. ಮೈಸೂರಿನ ಗ್ರಾಮಾಧಿಕಾರಗಳನ್ನು ತೆಗೆದುಹಾಕಿದ 1961ರ ಶಾಸನವು 1963ರಲ್ಲಿ ಜಾರಿಗೆ ಬಂದಿತು. ಹುದ್ದೆಯ ಬೆಂಬಲವಿಲ್ಲದೆ ಹೆಸರು ಒಂಟಿಯಾಗಿ ನಿಂತುದು ಅಂದಿನಿಂದ.

ಈಗ ಎಣಿಸುವುದು ಹೇಗೆ? ಸರ್ಕಾರದ ಜನಗಣತಿಯ ವರದಿಗಳಲ್ಲಿ ಜಾತಿಯ ಪಟ್ಟಿಗಳನ್ನು ಕಾಣಬಹುದು, ಅಡ್ಡಹೆಸರಿನ ಪಟ್ಟಿಯನ್ನಲ್ಲ. ಮತದಾರರ ಪಟ್ಟಿಯನ್ನು ತಿರುವಿದರೂ ಪೂರ್ತಿ ಫಲವಿಲ್ಲ. ಉತ್ತರದಲ್ಲಿ ಅಡ್ಡಹೆಸರು ಕೊನೆಯಲ್ಲಿ ಎದ್ದು ಕಾಣುತ್ತದೆ. ಹಳೆಯ ಮೈಸೂರಿನಲ್ಲಿ ಅದು ಹೆಸರಿನ ಮೊದಲಿಗೆ ಬರುತ್ತದೆ, ಇಲ್ಲವೆ ಒಂದು ಮೊದಲಕ್ಷರವಾಗಿ ಕುಗ್ಗುತ್ತದೆ, ಇಲ್ಲವೆ ಊರ ಹೆಸರಿಗೂ ತಂದೆಯ ಹೆಸರಿಗೂ ಎಡೆಗೊಟ್ಟು ಬಿದ್ದೇಹೋಗುತ್ತದೆ. ಮೊದಲು ಹೇಳಿದ ಇಬ್ಬರನ್ನೇ ನೋಡಬಹುದು: ಪಂಜೆ ಮಂಗೇಶರಾಯರ, ಮುಳಿಯ ತಿಮ್ಮಪ್ಪಯ್ಯನವರ ಹೆಸರುಗಳಲ್ಲಿರುವಂತೆ ನಾಡಿಗ ಕೃಷ್ಣಮೂರ್ತಿಯವರಲ್ಲಿ ಮನೆತನದ ಹೆಸರು ಮುಂದಿದೆ, ಸುಮತೀಂದ್ರ ನಾಡಿಗರಲ್ಲಿ ಹಿಂದಿದೆ. ಕೊನೆಯ ಪದವನ್ನು ಮಾತ್ರ ನೋಡಿ ಎಣಿಸುವವನಿಗೆ ಇವರಲ್ಲಿ ಒಬ್ಬರು ನಾಡಿಗರು, ಇನ್ನೊಬ್ಬರು ಕೃಷ್ಣಮೂರ್ತಿಗಳು. ರೋಮನ್ ಲಿಪಿಯಲ್ಲಿ ಬರೆದಾಗ ಕೊನೆಯ ಅಕಾರ ಒಮ್ಮೆ ಇದ್ದು ಒಮ್ಮೆ ಇಲ್ಲದಿರುವುದರಿಂದ ಒಂದೇ ಹೆಸರು ಎರಡಾಗುವುದೂ ಉಂಟು. ಆದುದರಿಂದ ಪಟ್ಟಿಗಳ ಮೇಲೆ ನಿಂತ ಯಾವ ಸಂಖ್ಯೆಯೂ ಉತ್ತರದ ನಾಡಿಗೇರರನ್ನು ಹೆಚ್ಚಾಗಿಯೂ ದಕ್ಷಿಣದ ನಾಡಿಗರನ್ನು ಕಡಮೆಯಾಗಿಯೂ ತೋರಿಸುತ್ತದೆ. ಎಣಿಕೆಗೆ ಹೊರಡುವವರು ಹೆಸರಿನ ಜೊತೆಗೆ ಮನೆತನದ ಮೂಲದ ಊರನ್ನೂ, ಆ ಊರು ಶಾಸನಗಳಲ್ಲಿ ಯಾವ ನಾಡಿಗೆ ಸೇರಿತ್ತೆಂಬುದನ್ನೂ, ಮನೆಯಲ್ಲಿ ಹಳೆಯ ಕಡತಗಳೋ ಸನ್ನದುಗಳೋ ಉಳಿದಿದ್ದರೆ ಅವುಗಳಲ್ಲಿ ಹೆಸರನ್ನು ಹೇಗೆ ಬರೆದಿದೆಯೆಂಬುದನ್ನೂ ಒಂದೇ ಸಾಲಿನಲ್ಲಿ ಗುರುತಿಸಿಕೊಳ್ಳಬೇಕು. ಒಂದು ನಾಡಿನಲ್ಲಿ ಸಂಬಂಧವಿಲ್ಲದ ಎರಡು ನಾಡಿಗ ಮನೆತನಗಳು ಸಿಕ್ಕಿದರೆ ಮೇಲಣ ಲೆಕ್ಕವನ್ನು ತಿದ್ದಬೇಕಾಗುತ್ತದೆ.