ಸಿಖ್ಖರ ನಿದರ್ಶನ: ಒಂದು ವಿಮರ್ಶೆ

ಲಿಂಗಾಯತ ಧರ್ಮದ ಸ್ವತಂತ್ರ ಮಾನ್ಯತೆಯ ಪ್ರಶ್ನೆ ಎದ್ದಾಗಲೆಲ್ಲ ನಮ್ಮ ಮಲಪ್ರಭೆಯ ನಾಡಿನಲ್ಲಿ ಸಿಖ್ಖರ ಹೆಸರು ಕೇಳಿಬರುತ್ತದೆ. 2017ರ ಆಗಸ್ಟಿನಲ್ಲಿ ಬೆಳಗಾವಿಯಲ್ಲಿ ಬೃಹತ್ ಸಮಾವೇಶ ನೆರೆದಾಗಲೂ, 2018ರ ಮಾರ್ಚಿನಲ್ಲಿ ನ್ಯಾಯಮೂರ್ತಿ ನಾಗಮೋಹನದಾಸ ಸಮಿತಿಯ ವರದಿಯನ್ನು ರಾಜ್ಯದ ಸಚಿವ ಸಂಪುಟವು ಅಂಗೀಕರಿಸಿದಾಗಲೂ, ಅದೇ ವರ್ಷ ಕೇಂದ್ರ ಸರಕಾರವು ಆ ಶಿಫಾರಸನ್ನು ನಿರಾಕರಿಸಿದಾಗಲೂ ಬೈಲಹೊಂಗಲದ ಪೇಟೆಯಿಂದ ರಾಮದುರ್ಗದ ನೇಕಾರರ ಓಣಿಯವರೆಗೆ ಎರಡು ಮಾತುಗಳು ಹರಿದಾಡಿದವು. ಸಿಖ್ಖರಿಗೆ ದೊರೆತದ್ದು ನಮಗೇಕೆ ಬೇಡ ಎಂಬುದು ಮೊದಲನೆಯದು. ಪ್ರತ್ಯೇಕವೆಂದ ಪಂಜಾಬದ ಗತಿ ಏನಾಯಿತೆಂಬುದನ್ನು ಕಾಣಿರಿ ಎಂಬುದು ಎರಡನೆಯದು. ಒಬ್ಬರಿಗೆ ಸಿಖ್ಖರು ಆದರ್ಶ, ಇನ್ನೊಬ್ಬರಿಗೆ ಬೆದರುಬೊಂಬೆ. ಆ ಸಮಾಜದ ಇತಿಹಾಸವನ್ನು ಇವರಲ್ಲಿ ಯಾರೂ ತೆರೆದು ನೋಡಿದಂತಿಲ್ಲ.

ಈ ದೃಷ್ಟಿಯಿಂದ ಹರ್ಜೋತ್ ಒಬೆರಾಯ್ ಅವರು ಧಾರ್ಮಿಕ ಗಡಿಗಳ ನಿರ್ಮಾಣವನ್ನು ಕುರಿತು ಇಂಗ್ಲಿಷಿನಲ್ಲಿ ಬರೆದು 1994ರಲ್ಲಿ ಪ್ರಕಟಿಸಿದ ಗ್ರಂಥವು ವಿಚಾರಾರ್ಹವಾಗಿದೆ. ಹತ್ತೊಂಬತ್ತನೆಯ ಶತಮಾನದ ಪಂಜಾಬದಲ್ಲಿ ಸಿಖ್ಖನೆಂದರೆ ಏಕರೂಪದ ವ್ಯಕ್ತಿಯಾಗಿರಲಿಲ್ಲ ಎಂಬುದು ಅವರ ಮುಖ್ಯ ಪ್ರಮೇಯ. ಗುರುವಾಣಿಯನ್ನು ಪಠಿಸುವವನೇ ಸಖೀ ಸರ್ವರನೆಂಬ ಮುಸ್ಲಿಂ ಪೀರನ ದರ್ಗಾಕ್ಕೆ ಹರಕೆ ಹೊರುತ್ತಿದ್ದನು, ದೇವಿಯ ಗುಡಿಗೂ ನಡೆಯುತ್ತಿದ್ದನು. 1873ರಲ್ಲಿ ಅಮೃತಸರದಲ್ಲಿಯೂ 1879ರಲ್ಲಿ ಲಾಹೋರದಲ್ಲಿಯೂ ಸ್ಥಾಪನೆಯಾದ ಸಿಂಗ್ ಸಭೆಗಳ ತರುವಾಯ, ಹೊಸ ವಿದ್ಯೆ ಮತ್ತು ಮುದ್ರಣಯಂತ್ರಗಳ ಬಲದಿಂದ, ‘ತತ್ ಖಾಲಸಾ’ ಪಂಥದವರು ಈ ಮಿಶ್ರಾಚಾರಗಳನ್ನು ಕಳೆದು ಒಂದೇ ಮಾದರಿಯ ಸಿಖ್ಖನನ್ನು ರೂಪಿಸಿದರು. 1905ರಲ್ಲಿ ಸ್ವರ್ಣಮಂದಿರದ ಆವರಣದಿಂದ ಮೂರ್ತಿಗಳನ್ನು ತೆಗೆದುಹಾಕಿದ್ದು ಇದೇ ಕಾಲದ ಘಟನೆ. 1909ರ ಆನಂದ ವಿವಾಹ ಕಾಯಿದೆಯೂ 1925ರ ಗುರುದ್ವಾರ ಕಾಯಿದೆಯೂ ಈ ಗಡಿಗೆ ಶಾಸನದ ಬಲವಿತ್ತವು.

ಸವದತ್ತಿಯ ವಾಚಕರಿಗೆ ಈ ಚಿತ್ರ ಅಪರಿಚಿತವಲ್ಲ. ಕೊರಳಲ್ಲಿ ಇಷ್ಟಲಿಂಗವುಳ್ಳ ರೈತನು ಬನದ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡವನ್ನು ಏರುತ್ತಾನೆ, ಹೊಸ್ತಿಲ ಹುಣ್ಣಿಮೆಗೆ ಗೊಡಚಿಯ ವೀರಭದ್ರನ ಜಾತ್ರೆಗೆ ಬಂಡಿ ಕಟ್ಟುತ್ತಾನೆ, ನೆರೆಯ ಯಮನೂರಿನಲ್ಲಿ ಚಾಂಗದೇವನೆಂದೂ ರಾಜಾಬಾಗಸವಾರನೆಂದೂ ಕರೆಸಿಕೊಳ್ಳುವ ಸಂತನಿಗೆ ಸಕ್ಕರೆ ಓದಿಸುತ್ತಾನೆ. ಶರಣರ ಏಕದೇವನಿಷ್ಠೆಗೆ ಇದು ಒಪ್ಪುವುದೇ ಎಂದು ಶಾಸ್ತ್ರಜ್ಞನು ಕೇಳಬಹುದು. ಕೇಳುವುದು ಅವನ ಕರ್ತವ್ಯವೂ ಹೌದು. ಆದರೆ ಜನಗಣತಿಯ ಕಾಲಂ ಕೇಳುವ ಪ್ರಶ್ನೆ ಬೇರೆ. ಶಾಸ್ತ್ರಜ್ಞನ ಪ್ರಶ್ನೆ ಮನುಷ್ಯನನ್ನು ತಿದ್ದಲು ಹೊರಟರೆ, ಗಣತಿಯ ಪ್ರಶ್ನೆ ಅವನನ್ನು ಎಣಿಸಲು ಹೊರಡುತ್ತದೆ. ಈ ವ್ಯತ್ಯಾಸವನ್ನು ಎತ್ತಿ ತೋರಿಸಿದ್ದು ಒಬೆರಾಯ್ ಗ್ರಂಥದ ಹಿರಿಮೆ.

ಗ್ರಂಥದ ಕೊರತೆಯೂ ಇಲ್ಲಿಯೇ ಇದೆ. ಗಡಿಯನ್ನು ಕಟ್ಟಿದವರು ಯಾರು, ಯಾವಾಗ ಕಟ್ಟಿದರು ಎಂಬುದನ್ನು ವಿವರಿಸಿದ ಮಾತ್ರಕ್ಕೆ ಅದು ಕೃತಕವೆಂದು ಸಿದ್ಧವಾಗದು. ಆದಿಗ್ರಂಥದ ಸಂಕಲನ 1604ರದು, ಖಾಲಸಾದ ಸ್ಥಾಪನೆ 1699ರದು. ಸಿಂಗ್ ಸಭೆಯವರು ಶೂನ್ಯದಿಂದ ಏನನ್ನೂ ಸೃಷ್ಟಿಸಲಿಲ್ಲ. ನಮ್ಮಲ್ಲಿಯೂ ಶಿರಸಂಗಿಯ ಲಿಂಗರಾಜ ದೇಸಾಯರು 1904ರಲ್ಲಿ ಧಾರವಾಡದ ಮಹಾಸಭೆಯ ಅಧ್ಯಕ್ಷತೆ ವಹಿಸಿದರು, ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯೆಗಾಗಿ ಬಿಟ್ಟುಹೋದರು. ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚಿಸಿದರು. ಇವು ಆಧುನಿಕ ಕಾಲದ ಕಾರ್ಯಗಳು ನಿಜ. ಆದರೆ ಎಂ. ಕೆ. ಹುಬ್ಬಳ್ಳಿಯ ಬಳಿ ಮಲಪ್ರಭೆಯ ನಡುವಿರುವ ಗಂಗಾಂಬಿಕೆಯ ಐಕ್ಯಸ್ಥಳಕ್ಕೆ ಜನ ನಡೆದುಕೊಂಡದ್ದು ಯಾವ ಮುದ್ರಣಾಲಯದ ಅಪ್ಪಣೆಯಿಂದಲೂ ಅಲ್ಲ. ಇತಿಹಾಸಕಾರನು ಸಂಸ್ಥೆಗಳನ್ನು ಎಣಿಸುವಾಗ ಶ್ರದ್ಧೆಯ ಈ ಹಳೆಯ ಹರಿವನ್ನು ಲೆಕ್ಕಕ್ಕೆ ಹಿಡಿಯಬೇಕು.

ಇನ್ನು ಎರಡನೆಯ ಮಾತಿಗೆ ಬರೋಣ. ಸ್ವತಂತ್ರ ಧರ್ಮವೆಂಬ ಭಾವನೆಯಿಂದಲೇ ಖಾಲಿಸ್ತಾನ ಹುಟ್ಟಿತೆಂಬುದು ಅವಸರದ ತೀರ್ಮಾನ. ಸ್ವಾತಂತ್ರ್ಯಾನಂತರ ಪಂಜಾಬಿ ಸುಬಾದ ಬೇಡಿಕೆ ಭಾಷಾ ಪ್ರಾಂತದ ಬೇಡಿಕೆಯಾಗಿ ಮುಂದೆ ಬಂದಿತು. ಆದರೆ 1951 ಮತ್ತು 1961ರ ಗಣತಿಗಳಲ್ಲಿ ಮನೆಯೊಳಗೆ ಪಂಜಾಬಿ ಆಡುವ ಅಸಂಖ್ಯ ಹಿಂದೂಗಳು ತಮ್ಮ ಮಾತೃಭಾಷೆ ಹಿಂದಿಯೆಂದು ಬರೆಸಿದರು. ಭಾಷೆಯೇ ಧರ್ಮದ ಗುರುತಾಯಿತು. ಕನ್ನಡಿಗರಿಗೆ 1956ರಲ್ಲಿ ದೊರೆತ ಏಕೀಕರಣವು ಪಂಜಾಬಿಗೆ 1966ರವರೆಗೆ ದೊರೆಯಲಿಲ್ಲ. ಗಡಿಯ ವಾದವನ್ನು ಹತ್ತಿರದಿಂದ ಕಂಡ ಬೆಳಗಾವಿಯವರು ಈ ವಿಳಂಬದ ಕಹಿಯನ್ನು ಊಹಿಸಬಲ್ಲರು.

1973ರ ಆನಂದಪುರ ಸಾಹಿಬ್ ಠರಾವು ರಾಜ್ಯಕ್ಕೆ ಹೆಚ್ಚಿನ ಅಧಿಕಾರವನ್ನು ಕೇಳಿತು. ಸಿಖ್ಖರ ರಾಜಕೀಯದಲ್ಲಿ ಸದಾ ಕೇಳಿಬರುವ ಪದ ‘ಕೌಮ್’. ಅದನ್ನು ಇಂಗ್ಲಿಷಿಗೆ ತಂದವರು ರಾಷ್ಟ್ರವೆಂದರು. ಅದೇ ಪದ ಕನ್ನಡಕ್ಕೆ ‘ಕೋಮು’ ಆಗಿ ಬಂದು ಬೈಗುಳದ ಸಮೀಪ ನಿಂತಿದೆ. ಸಮುದಾಯವೊಂದು ತನ್ನನ್ನು ಕರೆದುಕೊಳ್ಳುವ ಹೆಸರು ದೆಹಲಿಯಲ್ಲಿ ದ್ರೋಹವಾಗಿ ಕೇಳಿಸುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. ಸಂವಿಧಾನದ 25ನೆಯ ವಿಧಿಯ ವಿವರಣೆಯು ಹಿಂದೂ ಎಂಬ ಪದದಲ್ಲಿ ಸಿಖ್ಖರನ್ನು ಸೇರಿಸುವುದನ್ನು ಪ್ರತಿಭಟಿಸಿ 1984ರ ಫೆಬ್ರವರಿಯಲ್ಲಿ ಅಕಾಲಿ ನಾಯಕರು ಆ ವಿಧಿಯ ಪ್ರತಿಗಳನ್ನು ಸುಟ್ಟರು. ಅಷ್ಟರಲ್ಲಿ ಭಿಂದ್ರನವಾಲೆಯ ಸಂಗಡಿಗರ ಬಂದೂಕು ಮಾತನಾಡತೊಡಗಿತ್ತು, ನಿರಪರಾಧಿಗಳ ರಕ್ತ ಹರಿದಿತ್ತು. ಜೂನಿನಲ್ಲಿ ಸ್ವರ್ಣಮಂದಿರಕ್ಕೆ ಸೈನ್ಯ ನುಗ್ಗಿತು. ಅಕ್ಟೋಬರ 31ರಂದು ಪ್ರಧಾನಿಯ ಹತ್ಯೆಯಾಯಿತು. ದೆಹಲಿಯೊಂದರಲ್ಲೇ, ಸರಕಾರದ ಲೆಕ್ಕದಂತೆ, 2,733 ಜನ ಸಿಖ್ಖರು ಕೊಲೆಯಾದರು. ಕೇಂದ್ರದ ಅಲಕ್ಷ್ಯ, ಪಕ್ಷಗಳ ಚದುರಂಗ, ಆಯುಧದ ಮೋಹ ಇವು ಸೇರಿ ಆ ದುರಂತವನ್ನು ತಂದವು. ನಾವು ಬೇರೆ ಧರ್ಮದವರು ಎಂಬ ನಂಬಿಕೆಯೊಂದನ್ನೇ ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸುವುದು ನ್ಯಾಯವಲ್ಲ.

ಈ ಕಿಚ್ಚು ದೂರದ್ದೆಂದು ನಾವು ಸಮಾಧಾನಪಡುವಂತಿಲ್ಲ. ಕಲ್ಯಾಣವನ್ನು ಒಳಗೊಂಡ ಬೀದರ ಜಿಲ್ಲೆಯಲ್ಲಿಯೇ ನಾನಕ ಝರಾ ಇದೆ. ಖಾಲಸಾದ ಮೊದಲ ಐವರು ಪ್ರಿಯರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗರು ಬೀದರದ ಕ್ಷೌರಿಕ ಕುಲದವರು. ಹಡಪದ ಅಪ್ಪಣ್ಣನನ್ನು ಶರಣನೆಂದು ಪೂಜಿಸುವ ನಾಡಿನಿಂದಲೇ ಅವರು ಆನಂದಪುರಕ್ಕೆ ಹೋದದ್ದು. ಅಂಥ ಬೀದರದಲ್ಲಿ 1988ರ ಸೆಪ್ಟೆಂಬರಿನಲ್ಲಿ ಓದಲು ಬಂದಿದ್ದ ಸಿಖ್ಖ ವಿದ್ಯಾರ್ಥಿಗಳು ದೊಂಬಿಯಲ್ಲಿ ಹತರಾದರು. ಸಿಖ್ಖರ ನಿದರ್ಶನವನ್ನು ವೇದಿಕೆಯ ಮೇಲೆ ಎತ್ತುವ ಕನ್ನಡಿಗರು ಈ ಪುಟವನ್ನು ಹಾರಿಸಿ ಓದಬಾರದು.

ಮಾನ್ಯತೆ ದೊರೆತರೆ ಎಲ್ಲವೂ ಸರಿಹೋಗುವುದೆಂಬ ಭರವಸೆಯೂ ಪರೀಕ್ಷೆಗೆ ನಿಲ್ಲದು. 1950ರ ಪರಿಶಿಷ್ಟ ಜಾತಿಗಳ ಆದೇಶದಲ್ಲಿ ಸಿಖ್ಖರ ಕೆಲವೇ ಜಾತಿಗಳಿಗೆ ಸ್ಥಾನವಿತ್ತು. 1956ರಲ್ಲಿ ಅದು ವಿಸ್ತಾರವಾಯಿತು. ಕುಲವಿಲ್ಲವೆಂದ ಧರ್ಮದ ದಲಿತ ಅನುಯಾಯಿಗಳು ಕುಲದ ಪಟ್ಟಿಯಲ್ಲಿ ಹೆಸರು ಕೇಳಬೇಕಾಯಿತು. ಅದು ಅವರ ತಪ್ಪಲ್ಲ. ಅವರನ್ನು ಸಮನಾಗಿ ಕಾಣದ ಸಮಾಜದ ತಪ್ಪು. ಲಿಂಗವಂತರಲ್ಲಿ ಒಳಪಂಗಡಗಳ ನಡುವೆ ಹೆಣ್ಣು ಕೊಟ್ಟು ತರುವುದು ಇಂದಿಗೂ ಸರಾಗವಿಲ್ಲದಿರುವಾಗ, ಸಚಿವ ಸಂಪುಟದ ಠರಾವು ನಮ್ಮನ್ನು ಒಂದುಗೂಡಿಸುವುದೆಂದು ಹೇಗೆ ನಂಬುವುದು?

ಕೊನೆಯದಾಗಿ ಒಂದು ಮಾತು. ಒಬೆರಾಯ್ ಅವರು ತಮ್ಮ ಸಮಾಜದ ಕೋಪಕ್ಕೆ ಗುರಿಯಾಗಿ ಕೆನಡಾದ ವಿಶ್ವವಿದ್ಯಾಲಯವೊಂದರ ಸಿಖ್ಖ ಅಧ್ಯಯನ ಪೀಠವನ್ನು ಬಿಡಬೇಕಾಯಿತು. ನಮ್ಮಲ್ಲಿ ಡಾ. ಎಂ. ಎಂ. ಕಲಬುರ್ಗಿಯವರು ‘ಮಾರ್ಗ’ದ ಸಂಶೋಧನೆಗಾಗಿ 1980ರ ದಶಕದ ಕೊನೆಗೆ ತಮ್ಮ ಮಾತನ್ನು ಹಿಂತೆಗೆದುಕೊಳ್ಳಬೇಕಾಯಿತು. ಒಪ್ಪದ ಗ್ರಂಥಕ್ಕೆ ಗ್ರಂಥದಿಂದಲೇ ಉತ್ತರ ಕೊಡುವುದು ಅನುಭವ ಮಂಟಪದ ಕ್ರಮ. ತನ್ನನ್ನು ಪ್ರಶ್ನಿಸಿದವನನ್ನು ಮೌನಗೊಳಿಸುವ ಸಮಾಜವು ಸ್ವತಂತ್ರ ಧರ್ಮವೆಂದು ಮಾನ್ಯತೆ ಪಡೆದರೂ ಒಳಗೆ ಪರತಂತ್ರವಾಗಿಯೇ ಉಳಿಯುತ್ತದೆ. ಮಾನ್ಯತೆಯನ್ನು ಕೇಳುವವರು ನಿರ್ಭಯವಾಗಿ ಕೇಳಲಿ, ಬೇಡವೆನ್ನುವವರು ಅವರನ್ನು ದೇಶದ್ರೋಹಿಗಳೆನ್ನದೆ ವಾದಿಸಲಿ. ಈ ವಾದವನ್ನು ಕಾಯುವ ಹೊಣೆ ಮೊದಲು ಮಠಗಳ ಮೇಲಿದೆ.