ಪಂಪಭಾರತದ ರಾಜವಂಶಾವಳಿಯಲ್ಲಿ ಸಮಾನನಾಮಗಳ ವಿವೇಚನೆ

ಒಂದೇ ಹೆಸರು ಒಂದು ಕುಲದಲ್ಲಿ ಹಲವು ತಲೆಗಳಲ್ಲಿ ಮರಳಿ ಬರುವುದು ನಮ್ಮ ದೇಶದ ರಾಜವಂಶಗಳಲ್ಲಿ ಸರ್ವಸಾಮಾನ್ಯವಾದ ಸಂಗತಿ. ತಾತನ ಹೆಸರನ್ನು ಮೊಮ್ಮಗನಿಗಿಡುವ ಸಂಪ್ರದಾಯವೇ ಇದಕ್ಕೆ ಮುಖ್ಯ ಕಾರಣ. ಇಮ್ಮಡಿ, ಮುಮ್ಮಡಿ ಎಂಬ ಎಣಿಕೆಯಾದರೋ ಬಹುಮಟ್ಟಿಗೆ ಈಚಿನ ಸಂಶೋಧಕರು ಸೌಕರ್ಯಕ್ಕಾಗಿ ಮಾಡಿಕೊಂಡದ್ದು. ಆದುದರಿಂದ ಎರಡು ಕಡೆಗಳಲ್ಲಿ ನಾಮಸಾಮ್ಯವು ಕಂಡಮಾತ್ರಕ್ಕೆ ವ್ಯಕ್ತಿಯೂ ಒಬ್ಬನೇ ಎಂದು ನಿರ್ಣಯಿಸಲಾಗದು; ವ್ಯಾವರ್ತಕವಾದ ಲಕ್ಷಣವು ಬೇರೆ ದೊರೆಯಬೇಕು. ಇದಕ್ಕೆ ವೇಮುಲವಾಡದ ಚಾಲುಕ್ಯರ ವಂಶಾವಳಿಗಿಂತ ಉತ್ತಮವಾದ ನಿದರ್ಶನವು ಕನ್ನಡ ಸಾಹಿತ್ಯದಲ್ಲಿ ಸಿಕ್ಕುವುದು ದುರ್ಲಭ.

ಪಂಪನು ವಿಕ್ರಮಾರ್ಜುನವಿಜಯದ ಮೊದಲಲ್ಲಿ ತನ್ನ ಆಶ್ರಯದಾತನ ವಂಶವನ್ನು ಹೇಳಿರುವನು. ಯುದ್ಧಮಲ್ಲ, ಅರಿಕೇಸರಿ, ನರಸಿಂಹ, ಯುದ್ಧಮಲ್ಲ, ಬದ್ದೆಗ, ಯುದ್ಧಮಲ್ಲ, ನರಸಿಂಹ, ಅರಿಕೇಸರಿ, ಹೀಗೆ ತಲೆಗಳು ಎಂಟು, ಹೆಸರುಗಳು ನಾಲ್ಕೇ. ಎರಡನೆಯ ಯುದ್ಧಮಲ್ಲನನ್ನು ಕವಿಯು ದುಗ್ಧಮಲ್ಲನೆಂದು ಕರೆದಿರುವುದರಿಂದ ತೊಡಕು ಇನ್ನೂ ಹೆಚ್ಚಿತು. ಎರಡನೆಯವನೂ ಮೂರನೆಯವನೂ ಒಬ್ಬನೇ ಆಗಿರಬಾರದೇಕೆ ಎಂಬ ಪೂರ್ವಪಕ್ಷವು ಇಲ್ಲಿ ಏಳಬಹುದು. ಲಿಪಿಕಾರನ ಕಣ್ಣು ಒಂದು ಹೆಸರಿನಿಂದ ಅದೇ ಇನ್ನೊಂದು ಹೆಸರಿಗೆ ಜಾರುವುದು ಅಪೂರ್ವವೇನಲ್ಲ.

ಇದನ್ನು ಕಾಲಗಣನೆಯಿಂದ ಪರಿಹರಿಸಬಹುದು. ಮೊದಲನೆಯ ಅರಿಕೇಸರಿಯು ನಿರುಪಮದೇವನ ಆಳಿಕೆಯಲ್ಲಿ ವೆಂಗಿಯನ್ನು ಗೆದ್ದನೆಂದು ಕವಿಯ ಮಾತು. ನಿರುಪಮನೆಂದರೆ ರಾಷ್ಟ್ರಕೂಟ ಧ್ರುವ. ಅವನ ಕಾಲವು ಸುಮಾರು ಕ್ರಿ. ಶ. 780-793. ಎರಡನೆಯ ಅರಿಕೇಸರಿಯಾದರೋ ಗೊಜ್ಜಿಗನೆನಿಸಿದ ನಾಲ್ಕನೆಯ ಗೋವಿಂದನ ಸಮಕಾಲೀನ. ಎಂದರೆ ಸುಮಾರು 930-935ರವನು. ನಡುವಣ ಅಂತರ ಸುಮಾರು 145 ವರ್ಷ. ಪಂಪನ ಲೆಕ್ಕದಂತೆ ಇದು ಆರು ತಲೆಗಳ ಇಳಿತ; ಒಂದೊಂದಕ್ಕೆ ಸುಮಾರು 24 ವರ್ಷ ಬಿದ್ದು ಸಹಜವೆನಿಸುವುದು. ಇಬ್ಬರು ಯುದ್ಧಮಲ್ಲರನ್ನು ಒಬ್ಬನೆಂದರೆ ನಡುವಣ ಬದ್ದೆಗನೂ ಬಿದ್ದುಹೋಗಿ ನಾಲ್ಕು ತಲೆಗಳು ಉಳಿದು, ಒಂದೊಂದಕ್ಕೆ 36 ವರ್ಷಗಳಾಗುವುವು. ಇಷ್ಟು ದೀರ್ಘವಾದ ಸರಾಸರಿ ಅಸಂಭವವಲ್ಲದಿದ್ದರೂ ವಿರಳ. ಇದಲ್ಲದೆ ಕ್ರಿ. ಶ. 966ರ ಪರಭಣಿಯ ತಾಮ್ರಶಾಸನವು ಕವಿಯ ಕ್ರಮವನ್ನೇ ಸಮರ್ಥಿಸುವುದು. ಆದುದರಿಂದ ವ್ಯಕ್ತಿಭೇದವೇ ಸಿದ್ಧಾಂತ.

ಬದ್ದೆಗರ ವಿಚಾರವು ಇದಕ್ಕಿಂತ ಸೂಕ್ಷ್ಮವಾದದ್ದು. ನಲವತ್ತೆರಡು ಕಾಳೆಗಗಳನ್ನು ಕಾದಿ ಸೋಲದಗಂಡನೆನಿಸಿದ ಬದ್ದೆಗನು ಅರಿಕೇಸರಿಯ ಮುತ್ತಾತ. ಅರಿಕೇಸರಿಯು ಗೊಜ್ಜಿಗನನ್ನು ಇಳಿಸಿ ಸಾಮ್ರಾಜ್ಯದಲ್ಲಿ ನಿಲ್ಲಿಸಿದ ಬದ್ದೆಗನು ರಾಷ್ಟ್ರಕೂಟ ಕುಲದ ಮೂರನೆಯ ಅಮೋಘವರ್ಷ. ಅರಿಕೇಸರಿಯ ಮಗನೂ ಬದ್ದೆಗನೇ; ಪರಭಣಿಯ ಶಾಸನದಲ್ಲಿ ಇವನು ವದ್ಯಗನಾಗಿರುವನು, ಸೋಮದೇವಸೂರಿಯು 959ರಲ್ಲಿ ಮುಗಿಸಿದ ಯಶಸ್ತಿಲಕದ ಮುದ್ರಿತ ಪಾಠದಲ್ಲಿ ವಾಗರಾಜನಾಗಿರುವನು. ಹೀಗೆ ಒಂದು ಕಡೆ ಒಂದೇ ಹೆಸರು ಮೂವರಿಗೆ ಸಂದಿದೆ. ಇನ್ನೊಂದು ಕಡೆ ಒಬ್ಬನೇ ಮೂರು ಹೆಸರುಗಳಲ್ಲಿ ತೋರುವನು. ಮೊದಲನೆಯದು ಅಭೇದಭ್ರಮಕ್ಕೂ ಎರಡನೆಯದು ಭೇದಭ್ರಮಕ್ಕೂ ಎಡೆಗೊಡುವುದು. ಎರಡರಲ್ಲಿಯೂ ಸಮನಾದ ಎಚ್ಚರಿಕೆ ಬೇಕು.

ಒಂದು ಭ್ರಮವು ಮತ್ತೊಂದನ್ನು ಎಳೆದು ತರುವುದೂ ಉಂಟು. ಸೋಲದಗಂಡನು ನೀರೊಳಗೆ ಭೀಮನನ್ನು ಸೆರೆಹಿಡಿದನೆಂದು ಪಂಪನು ಹೇಳುವನು. ವೆಂಗಿಯಲ್ಲಿ ಚಾಲುಕ್ಯಭೀಮರು ಇಬ್ಬರು ಪ್ರಸಿದ್ಧರು: ಒಬ್ಬನು 892ರಲ್ಲಿ ಪಟ್ಟವೇರಿದವನು, ಇನ್ನೊಬ್ಬನು ಸುಮಾರು 934ರಲ್ಲಿ. ಸೆರೆಸಿಕ್ಕವನು ಎರಡನೆಯ ಭೀಮನೆಂದರೆ ಮುತ್ತಾತನ ಪರಾಕ್ರಮವನ್ನು ಮರಿಮಗನ ಕಾಲಕ್ಕೆ ತಂದಂತಾಗುವುದು. ಮೊದಲನೆಯವನೆಂದರೆ ಎಲ್ಲವೂ ಸುಸಂಗತ.

ಈ ವಿವೇಚನೆಯು ಚರಿತ್ರಕಾರರಿಗೆ ಮಾತ್ರ ಬೇಕಾದದ್ದೆಂದು ತಿಳಿಯಬಾರದು. ಪಂಪನ ಕಾವ್ಯದ ಬಂಧವೇ ಅರಿಕೇಸರಿಗೂ ಅರ್ಜುನನಿಗೂ ಹೇಳಿರುವ ಅಭೇದದ ಮೇಲೆ ನಿಂತಿದೆ. ಶರಣಾಗತನಾದ ವಿಜಯಾದಿತ್ಯನನ್ನು ಕಾದುದು, ಚಕ್ರವರ್ತಿಯನ್ನೇ ಎದುರಿಸಿ ಬದ್ದೆಗನಿಗೆ ರಾಜ್ಯವನ್ನು ಕೊಡಿಸಿದುದು, ಇವು ನಾಯಕನ ಸ್ವಂತ ಕೃತ್ಯಗಳು. ಆ ಬದ್ದೆಗನನ್ನು ಸ್ವವಂಶದವನೆಂದು ಬಗೆದು ಪಾಠ ಹೇಳಿದರೆ, ಒಡೆಯನ ಕುಲಕ್ಕೆ ಸಾಮಂತನು ಮಾಡಿದ ಮಹೋಪಕಾರವು ಮನೆಯೊಳಗಿನ ದಾಯಾದಿ ವ್ಯವಹಾರವಾಗಿ ಕುಗ್ಗುವುದು. ಕವಿಯ ಪ್ರಶಂಸೆಯ ತೂಕವೂ ತಪ್ಪುವುದು.

ತಾತನ ಹೆಸರಿನ ನಿಯಮವನ್ನು ನಂಬಿ ವಂಶಾವಳಿಯ ತೆರಪನ್ನು ತುಂಬುವುದೂ ಯುಕ್ತವಲ್ಲ. ಮೂರನೆಯ ಯುದ್ಧಮಲ್ಲನು ತಾತನ ಹೆಸರನ್ನು ಹೊತ್ತಿರುವುದು ನಿಜ. ಆದರೆ ಅವನ ಮಗ ನರಸಿಂಹನ ತಾತನು ನರಸಿಂಹನಲ್ಲ, ಬದ್ದೆಗ. ಸಂಪ್ರದಾಯವು ಸಂಭಾವನೆಯನ್ನು ತೋರಿಸಬಲ್ಲುದು, ನಿರ್ಣಯವನ್ನು ಕೊಡಲಾರದು. ತಂದೆಯ ಹೆಸರು, ಮಗನ ಹೆಸರು, ಬಿರುದು, ಸಮಕಾಲೀನನಾದ ಪರರಾಜ, ತಲೆಗಳ ಕಾಲಮಾನ, ಈ ಐದರಲ್ಲಿ ಎರಡಾದರೂ ಕೂಡಿಬಂದ ಮೇಲೆಯೇ ಸಮಾನನಾಮರ ಐಕ್ಯವನ್ನಾಗಲಿ ಭೇದವನ್ನಾಗಲಿ ಹೇಳುವುದು ವಿಮರ್ಶಕರಿಗೆ ಉಚಿತವಾದ ಮಾರ್ಗ.